ರಾತ್ರಿ ಸರಿಯಿದ್ದ ಕ್ಯಾಂಪರ್ ವ್ಯಾನ್ ಬೆಳಿಗ್ಗೆ ಸೆಲ್ಫ್ ತಗೊಳ್ಳದಿದ್ದರೆ

ಬೆಂಗಳೂರಿನಿಂದ ನಸುಕಿಗೇ ಹೊರಟು, ನೆಲಮಂಗಲ, ಹಾಸನ ದಾಟಿ ಸಕಲೇಶಪುರದಲ್ಲೋ, ಘಟ್ಟ ಇಳಿದು ಮರವಂತೆಯಲ್ಲೋ ವ್ಯಾನ್ ನಿಲ್ಲಿಸಿರುತ್ತೀರಿ. ದಿನವಿಡೀ ಓಡಿದ ಗಾಡಿ, ಬ್ಯಾಟರಿ ತುಂಬಿರಲೇಬೇಕು. ರಾತ್ರಿ ಒಂದು ಫ್ಯಾನ್, ಎರಡು ದೀಪ, ಸಣ್ಣ ಫ್ರಿಜ್ ನಡೆದಿವೆ. ಬೆಳಿಗ್ಗೆ ಕೀ ತಿರುಗಿಸಿದರೆ 'ಟಕ್' ಅಂದು ಸುಮ್ಮನಾಗುತ್ತದೆ. ಗಂಡ ಹೆಂಡತಿ ಇಬ್ಬರ ಬಾಯಲ್ಲೂ ಬರುವ ಮೊದಲ ಮಾತು 'ಬ್ಯಾಟರಿ ಹೋಯ್ತು'. ಎರಡನೆಯ ಮಾತು 'ದೀಪ ಆರಿಸದೆ ಬಿಟ್ಟಿದ್ದು ಯಾರು?'

ಎರಡೂ ಮಾತನ್ನು ಅರ್ಧ ಗಂಟೆ ಮುಂದೂಡಿ. ಹಳೇ ಗಾಡಿಯಲ್ಲಿ ಬ್ಯಾಟರಿ ಸಾಯುವುದಕ್ಕಿಂತ ಮೊದಲು ಕೆಡುವುದು ಅದಕ್ಕೆ ಕೂತ ಜೋಡಣೆಗಳು: ಹಸಿರು ಹಿಡಿದ ಟರ್ಮಿನಲ್, ಪೇಂಟಿನ ಮೇಲೆ ಬಿಗಿದ ಅರ್ತ್ ಬೋಲ್ಟ್ (ಬ್ಯಾಟರಿಯ ಮೈನಸ್ಸನ್ನು ಗಾಡಿಯ ಲೋಹಕ್ಕೆ ಸೇರಿಸುವುದು), ಸಡಿಲಾದ ಬೆಲ್ಟ್, ಅಂಟಿಕೊಂಡ ರಿಲೇ (ಕರೆಂಟಿನಿಂದಲೇ ಆನ್ ಆಫ್ ಆಗುವ ಸ್ವಿಚ್). ಇವನ್ನು ನೋಡದೆ ಹೊಸ ಬ್ಯಾಟರಿ ಹಾಕಿಸಿದರೆ ಎರಡು ತಿಂಗಳು ಎಲ್ಲ ಸರಿ ಹೋದಂತೆ ಕಾಣುತ್ತದೆ. ಹೊಸ ಬ್ಯಾಟರಿಗೆ ಕಸುವು ಹೆಚ್ಚು, ಕೆಟ್ಟ ಜೋಡಣೆಯನ್ನೂ ದಾಟಿಕೊಂಡು ಮೋಟಾರು ತಿರುಗಿಸುತ್ತದೆ. ಆಮೇಲೆ ಅದೂ ಸೋಲುತ್ತದೆ. ಅದಕ್ಕೇ ನಮ್ಮ ಒಂದೇ ಆಗ್ರಹ: ಅಳೆಯದೆ ಬ್ಯಾಟರಿ ಕೊಳ್ಳಬೇಡಿ.

ಇಲ್ಲಿ ಹೇಳಿರುವುದು 12 ವೋಲ್ಟಿನ ಹಳೇ ಗಾಡಿಗಳಿಗೆ. ಅಂದರೆ ಮಲಗಲು, ಅಡುಗೆ ಮಾಡಲು ಒಳಗೆ ಜಾಗ ಮಾಡಿಕೊಂಡ ಟ್ರಾವೆಲರ್, ಮೆಟಡಾರ್, ಓಮ್ನಿ ತರಹದವು. ಆರ್‌ಸಿಯಲ್ಲಿ ಇನ್ನೂ 'ಬಜಾಜ್ ಟೆಂಪೊ' ಎಂದೇ ಇದ್ದರೆ ಗಾಡಿ, ಕಂಪನಿ 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸುವುದಕ್ಕಿಂತ ಮೊದಲಿನದು. ವೈರಿಂಗಿಗೂ ಅಷ್ಟೇ ವಯಸ್ಸಾಗಿದೆ ಎಂದು ನೆನಪಿಡಿ. ಸಾಮಾನ್ಯವಾಗಿ ಇಂಥ ಗಾಡಿಯಲ್ಲಿ ಎರಡು ಬ್ಯಾಟರಿ ಇರುತ್ತವೆ. ಒಂದು ಇಂಜಿನ್ ಸ್ಟಾರ್ಟ್ ಮಾಡಲು, ಇನ್ನೊಂದು ಒಳಗಿನ ದೀಪ, ಫ್ಯಾನ್, ಫ್ರಿಜ್ಜಿಗೆ. ಮುಂದೆ ಮೊದಲನೆಯದನ್ನು ಇಂಜಿನ್ ಬ್ಯಾಟರಿ, ಎರಡನೆಯದನ್ನು ಮನೆ ಬ್ಯಾಟರಿ ಎನ್ನುತ್ತೇವೆ.

ಹೊರಡುವ ಮುಂಚೆ ಕೈಲಿರಬೇಕಾದ ಸಾಮಾನು

ಒಂದು ಡಿಜಿಟಲ್ ಮಲ್ಟಿಮೀಟರ್. ಅದರಲ್ಲಿ 10 ಆಂಪಿಯರ್ ಡಿಸಿ ತೂತು ಇರಲೇಬೇಕು. ಮೀಟರಿನೊಳಗಿನ 9 ವೋಲ್ಟ್ ಸೆಲ್ ಹೊಸದಾಗಿರಲಿ. ಅಗ್ಗದ ಮೀಟರುಗಳು ತಮ್ಮ ಸೆಲ್ ಇಳಿದಾಗ ಇರುವುದಕ್ಕಿಂತ ಹೆಚ್ಚು ವೋಲ್ಟ್ ತೋರಿಸುತ್ತವೆ. ಆಗ ಸತ್ತ ಬ್ಯಾಟರಿಯೂ 12.8 ಎಂದು ಕಂಡು ಇಡೀ ಲೆಕ್ಕ ತಪ್ಪುತ್ತದೆ. ಕ್ಲ್ಯಾಂಪ್ ಮೀಟರ್ ಕೊಳ್ಳುವುದಾದರೆ ಡಿಸಿ ಆಂಪಿಯರ್ ಅಳೆಯುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿ, ಬಹಳಷ್ಟು ಎಸಿ ಮಾತ್ರ ಅಳೆಯುತ್ತವೆ. ಎಸ್.ಪಿ. ರಸ್ತೆಯಲ್ಲಿ ಎರಡೂ ಬಗೆ ಪಕ್ಕಪಕ್ಕದಲ್ಲೇ ಸಿಗುತ್ತವೆ.

ಹೋಲ್ಡರಿಗೆ ಎರಡು ವೈರ್ ಬೆಸೆದ 12 ವೋಲ್ಟ್, 21 ವ್ಯಾಟಿನ ಇಂಡಿಕೇಟರ್ ಬಲ್ಬು ಒಂದು ಬೇಕು. ಇದೇ ಟೆಸ್ಟ್ ಲ್ಯಾಂಪ್. ಮೀಟರ್ ಸುಳ್ಳು ಹೇಳುವ ಕಡೆ ಇದು ನಿಜ ಹೇಳುತ್ತದೆ. ಒಂದೇ ಎಳೆಯಲ್ಲಿ ಹಿಡಿದುಕೊಂಡಿರುವ ಕೊಳೆತ ವೈರಿನಲ್ಲೂ ಮೀಟರ್ 12 ವೋಲ್ಟ್ ತೋರಿಸಬಲ್ಲದು, ಆದರೆ ಆ ಒಂದು ಎಳೆ ಬಲ್ಬನ್ನು ಪೂರ್ತಿ ಉರಿಸಲಾರದು. ಇದರ ಜೊತೆಗೆ 10, 12, 13ನೇ ನಂಬರ್ ಸ್ಪ್ಯಾನರ್, ತಂತಿ ಬ್ರಷ್, ಎಮರಿ ಪೇಪರ್, ವ್ಯಾಸಲಿನ್, ಬ್ಯಾಟರಿ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್, ಒಂದು ಲೀಟರ್ ಡಿಸ್ಟಿಲ್ಡ್ ವಾಟರ್, ಗಾಡಿಯಲ್ಲಿರುವ ಎಲ್ಲ ಅಳತೆಯ ಎರಡೆರಡು ಫ್ಯೂಸ್, 3 ಮೀಟರ್ ತೆಳು ವೈರ್. ಮೀಟರಿನ ಕಡ್ಡಿ ಉದ್ದ ಸಾಲದ ಕಡೆ ಆ ವೈರ್ ಬೇಕಾಗುತ್ತದೆ.

ಜಂಪರ್ ಕೇಬಲ್ ಬಗ್ಗೆ ಎಚ್ಚರ ಇರಲಿ. ದಪ್ಪ ರಬ್ಬರಿನೊಳಗೆ ತೆಳ್ಳನೆ ತಾಮ್ರ ಬಳಿದ ಅಲ್ಯುಮಿನಿಯಂ ಎಳೆ ಇರುವವೇ ಹೆಚ್ಚು. ಪೆಟ್ರೋಲ್ ಓಮ್ನಿಗೆ 16 ಚದರ ಮಿಲಿಮೀಟರ್, ಡೀಸೆಲ್ ಟ್ರಾವೆಲರ್‌ಗೆ 25 ಚದರ ಮಿಲಿಮೀಟರಿನ ಅಪ್ಪಟ ತಾಮ್ರದ ವೆಲ್ಡಿಂಗ್ ಕೇಬಲ್ ತಂದು ತುದಿಗೆ ಕ್ಲಿಪ್ ಹಾಕಿಸಿಕೊಳ್ಳಿ.

ಕೀ ಒಬ್ಬರ ಕೈಲಿ, ಮೀಟರ್ ಒಬ್ಬರ ಕೈಲಿ

ಈ ದೋಷವನ್ನು ಒಬ್ಬರೇ ಹುಡುಕುವುದು ಕಷ್ಟ. ಮುಖ್ಯ ಅಳತೆಗಳೆಲ್ಲ ಸೆಲ್ಫ್ ಹೊಡೆಯುವ ಎರಡು ಮೂರು ಸೆಕೆಂಡಿನಲ್ಲೇ ಆಗಬೇಕು. ದಂಪತಿ ಪ್ರಯಾಣದಲ್ಲಿ ಇದೇ ಅನುಕೂಲ. ಸೀಟಿನಲ್ಲಿ ಕೂತವರು ಗೇರ್ ನ್ಯೂಟ್ರಲ್‌ನಲ್ಲಿದೆ, ಹ್ಯಾಂಡ್‌ಬ್ರೇಕ್ ಎಳೆದಿದೆ ಎಂದು ಬಾಯಿಬಿಟ್ಟು ಹೇಳಬೇಕು. ಮೀಟರ್ ಹಿಡಿದವರು 'ಹೊಡಿ' ಎಂದಾಗ ಮಾತ್ರ ಕೀ ತಿರುಗಬೇಕು, 'ಬಿಡು' ಎಂದ ಕೂಡಲೇ ನಿಲ್ಲಬೇಕು. ಬೇರೆ ಯಾವ ಮಾತಿಗೂ ಕೀ ಮುಟ್ಟುವಂತಿಲ್ಲ. ಮೀಟರ್ ಹಿಡಿದವರು ಫ್ಯಾನ್ ಬೆಲ್ಟಿನಿಂದ ಕೈ, ಸೆರಗು, ದುಪಟ್ಟಾ ದೂರ ಇಟ್ಟು, ಗಾಡಿಯ ಪಕ್ಕದಲ್ಲಿ ನಿಲ್ಲಬೇಕು. ಮುಂದೆಯೂ ಅಲ್ಲ, ಹಿಂದೆಯೂ ಅಲ್ಲ.

ಉಂಗುರ, ಲೋಹದ ಬಳೆ, ವಾಚು ಬಿಚ್ಚಿಡಿ. ಉದ್ದನೆಯ ಮಾಂಗಲ್ಯ ಸರವನ್ನು ರವಿಕೆಯೊಳಗೆ ಸೇರಿಸಿಕೊಳ್ಳಿ. ಪ್ಲಸ್ ಟರ್ಮಿನಲ್ಲಿಗೂ ಬಾಡಿಗೂ ನಡುವೆ ಬಳೆ ಸಿಕ್ಕರೆ ನೂರಾರು ಆಂಪಿಯರ್ ಹರಿದು ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. 12 ವೋಲ್ಟಿಗೆ ಶಾಕ್ ಹೊಡೆಯುವುದಿಲ್ಲ ನಿಜ, ಸುಡುವುದಂತೂ ಖಂಡಿತ.

ಒಂದು ಸಣ್ಣ ನೋಟ್‌ಬುಕ್ ಇಟ್ಟು ತಾರೀಖು, ವೋಲ್ಟ್ ಬರೆಯುತ್ತಾ ಹೋಗಿ. ಹಳೇ ಗಾಡಿಗೆ ಹೋದ ಸಲದ ಅಳತೆಗಿಂತ ಒಳ್ಳೆಯ ಕೈಪಿಡಿ ಇಲ್ಲ.

ಮೊದಲು ಕಿವಿಗೊಡಿ

ಮೀಟರ್ ತೆಗೆಯುವ ಮುಂಚೆ ಹೆಡ್‌ಲೈಟ್ ಹಾಕಿ ಒಮ್ಮೆ ಕೀ ತಿರುಗಿಸಿ. ಸದ್ದು, ಬೆಳಕು ಎರಡನ್ನೂ ಗಮನಿಸಿ.

'ಟಕ ಟಕ ಟಕ' ಎಂದು ಬಿಡದೆ ಬಡಿದುಕೊಂಡು ಲೈಟ್ ಮಂಕಾದರೆ ವೋಲ್ಟ್ ಸಾಲುತ್ತಿಲ್ಲ. ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಕೊಳೆಯಾಗಿದೆ. ಒಂದೇ 'ಟಕ್' ಬಂದು ಲೈಟ್ ಮೊದಲಿನಷ್ಟೇ ಉರಿಯುತ್ತಿದ್ದರೆ ಕರೆಂಟ್ ಮೋಟಾರಿಗೆ ಹೋಗುತ್ತಲೇ ಇಲ್ಲ. ಸೊಲೆನಾಯ್ಡ್ (ಇಂಜಿನ್ ತಿರುಗಿಸುವ ಸೆಲ್ಫ್ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್) ಒಳಗಿನ ತಾಮ್ರದ ಬಿಲ್ಲೆ ಸುಟ್ಟಿರಬಹುದು ಅಥವಾ ಕಾರ್ಬನ್ ಬ್ರಷ್ ಸವೆದಿರಬಹುದು. ಸ್ಪ್ಯಾನರಿನ ಹಿಡಿಯಿಂದ ಸೆಲ್ಫ್ ಮೋಟಾರಿನ ಮೈಮೇಲೆ ಮೆಲ್ಲಗೆ ತಟ್ಟುತ್ತಿರುವಾಗ ಇನ್ನೊಬ್ಬರು ಕೀ ತಿರುಗಿಸಿ ಸ್ಟಾರ್ಟ್ ಆದರೆ ಬ್ರಷ್ ಮುಗಿದಿದೆ ಎಂದೇ ತಿಳಿಯಿರಿ. ಇನ್ನು ಕೆಲವು ಸಲವಷ್ಟೇ ಹೀಗೆ ನಡೆಯುತ್ತದೆ, ಮುಂದಿನ ಊರಿನಲ್ಲೇ ಬದಲಿಸಿ. 'ಸುಯ್ಯ್' ಎಂದು ಮೋಟಾರ್ ಮಾತ್ರ ತಿರುಗಿ ಇಂಜಿನ್ ಅಲುಗದಿದ್ದರೆ ಹಲ್ಲಿನ ಪಿನಿಯನ್ ಕಚ್ಚುತ್ತಿಲ್ಲ, ಬ್ಯಾಟರಿಯ ತಪ್ಪಲ್ಲ.

ಇಂಜಿನ್ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಈ ಬರಹ ಅದಕ್ಕಲ್ಲ. ಹಳೇ ಡೀಸೆಲ್ಲಿನಲ್ಲಿ ಹೀಟರ್ ಪ್ಲಗ್, ಡೀಸೆಲ್ ಲೈನಿನಲ್ಲಿ ಸೇರಿದ ಗಾಳಿ, ಪೂರ್ತಿ ವಾಪಸ್ ಹೋಗದ ಸ್ಟಾಪ್ ಕೇಬಲ್ ನೋಡಿ.

ಏನೂ ಸದ್ದಿಲ್ಲ, ಡ್ಯಾಶಿನಲ್ಲಿ ದೀಪ ಮಾತ್ರ ಇದೆ ಎಂದರೆ ಸೊಲೆನಾಯ್ಡಿನ ತೆಳು ವೈರ್ ಬರುವ ಟರ್ಮಿನಲ್ಲಿಗೆ ಟೆಸ್ಟ್ ಲ್ಯಾಂಪ್ ಹಿಡಿದು ಕೀ ತಿರುಗಿಸಿ. ಬಲ್ಬು ಮಂಕಾಗಿ ಉರಿದರೆ ಇಗ್ನಿಷನ್ ಸ್ವಿಚ್ಚಿನೊಳಗಿನ ಕಾಂಟ್ಯಾಕ್ಟ್ ಸವೆದಿದೆ. ಇದು ಹಳೇ ವ್ಯಾನುಗಳ ಮಾಮೂಲಿ ಕಾಯಿಲೆ. ಸೊಲೆನಾಯ್ಡಿನ ಹತ್ತಿರ ಒಂದು 40 ಆಂಪಿಯರ್ ರಿಲೇ ಕೂರಿಸಿ, ಕೀಲಿಯ ವೈರಿನಿಂದ ರಿಲೇಯನ್ನಷ್ಟೇ ಎಬ್ಬಿಸಿದರೆ ಸ್ವಿಚ್ಚಿನ ಮೇಲಿನ ಹೊರೆ ಇಳಿದು ಸಮಸ್ಯೆ ಮುಗಿಯುತ್ತದೆ.

ನಿಂತ ಬ್ಯಾಟರಿಯ ವೋಲ್ಟ್

ರಾತ್ರಿಯಿಡೀ ನಿಂತ ಇಂಜಿನ್ ಬ್ಯಾಟರಿಯನ್ನು ಬೆಳಿಗ್ಗೆ ಏನೂ ಹಚ್ಚುವ ಮುಂಚೆ ಅಳೆಯಿರಿ. ಈಗಾಗಲೇ ಸೆಲ್ಫ್ ಹೊಡೆದು ನೋಡಿದ್ದರೆ ಅರ್ಧ ಗಂಟೆ ಬಿಡಿ. ಆಸಿಡ್ ಬ್ಯಾಟರಿಯಲ್ಲಿ 12.6ರಿಂದ 12.7 ಎಂದರೆ ತುಂಬಿದೆ. 12.4ಕ್ಕೆ ಮುಕ್ಕಾಲು, 12.2ಕ್ಕೆ ಅರ್ಧ, 12.0ಕ್ಕೆ ಕಾಲು. 11.8ಕ್ಕೆ ಖಾಲಿ. 10.5ರ ಆಸುಪಾಸಿನಲ್ಲೇ ನಿಂತು, ಚಾರ್ಜ್ ಮಾಡಿದರೂ ಮೇಲೇಳದಿದ್ದರೆ ಆರು ಸೆಲ್ಲುಗಳಲ್ಲಿ ಒಂದು ಶಾರ್ಟ್ ಆಗಿದೆ. ಅದಕ್ಕೆ ಮದ್ದಿಲ್ಲ.

12.4ಕ್ಕಿಂತ ಮೇಲಿದ್ದೂ ಸೆಲ್ಫ್ ತಗೊಳ್ಳುತ್ತಿಲ್ಲ ಎಂದರೆ ಜೋಡಣೆಯ ಕಡೆ ನೋಡಿ. 12.0ಕ್ಕಿಂತ ಕೆಳಗಿದ್ದರೆ ಒಂದೋ ನಿನ್ನೆ ಚಾರ್ಜ್ ಆಗಿಲ್ಲ, ಇಲ್ಲವೇ ರಾತ್ರಿ ಸೋರಿದೆ.

ಸೆಲ್ಫ್ ಹೊಡೆಯುವಾಗ ಎಲ್ಲಿ ಕಳೆದುಹೋಗುತ್ತಿದೆ

ಹೆಚ್ಚಿನವರು ಮಾಡದೆ ಬಿಡುವ, ಎಲ್ಲಕ್ಕಿಂತ ಹೆಚ್ಚು ಹಣ ಉಳಿಸುವ ಪರೀಕ್ಷೆ ಇದು. ಇಂಜಿನ್ ಹೊತ್ತಿಕೊಳ್ಳದಂತೆ ಡೀಸೆಲ್ ಗಾಡಿಯಲ್ಲಿ ಸ್ಟಾಪ್ ಕೇಬಲ್ ಎಳೆದಿಡಿ, ಪೆಟ್ರೋಲ್ ಗಾಡಿಯಲ್ಲಿ ಕಾಯಿಲಿನ ಪ್ಲಸ್ ವೈರ್ ಬಿಚ್ಚಿಡಿ. ಒಂದು ಸಲಕ್ಕೆ ಮೂರು ಸೆಕೆಂಡ್ ಸಾಕು, ಎರಡು ಸಲದ ನಡುವೆ ಒಂದು ನಿಮಿಷ ಬಿಡುವು ಕೊಡಿ. ಹತ್ತು ಸೆಕೆಂಡ್ ಮೀರಿ ಹೊಡೆದರೆ ಮೋಟಾರಿನ ವೈಂಡಿಂಗ್ ಸುಡಬಹುದು.

ಮೀಟರನ್ನು 20 ವೋಲ್ಟ್ ಡಿಸಿಯಲ್ಲಿಡಿ. ಕಡ್ಡಿಗಳನ್ನು ಕ್ಲ್ಯಾಂಪಿಗೆ ಒತ್ತಬೇಡಿ, ಬ್ಯಾಟರಿಯ ಸೀಸದ ಗೂಟಕ್ಕೇ ಒತ್ತಿ. ಮೊದಲು ಪ್ಲಸ್ ಗೂಟ, ಮೈನಸ್ ಗೂಟ. 'ಹೊಡಿ'. 9.6ಕ್ಕಿಂತ ಕೆಳಗೆ ಇಳಿಯಬಾರದು. ಗಟ್ಟಿ ಬ್ಯಾಟರಿ 10ರ ಮೇಲೇ ನಿಲ್ಲುತ್ತದೆ.

ಎರಡನೆಯದು, ಅರ್ತ್. ಒಂದು ಕಡ್ಡಿ ಮೈನಸ್ ಗೂಟದ ಮೇಲೆ, ಇನ್ನೊಂದು ಇಂಜಿನ್ ಬ್ಲಾಕಿನ ಬಣ್ಣವಿಲ್ಲದ ಲೋಹದ ಮೇಲೆ. ಹೊಡೆಯುವಾಗ 0.2 ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ಮೂರನೆಯದು, ಪ್ಲಸ್ ಗೂಟದಿಂದ ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿಗೆ. 0.5ರ ಒಳಗಿರಬೇಕು. ಅದಕ್ಕಿಂತ ಹೆಚ್ಚಿದ್ದರೆ ಗೂಟ ಮತ್ತು ಕ್ಲ್ಯಾಂಪ್ ನಡುವೆ ಎಷ್ಟು, ಕ್ಲ್ಯಾಂಪ್ ಮತ್ತು ಕೇಬಲ್ ನಡುವೆ ಎಷ್ಟು, ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟುಗಳ ನಡುವೆ ಎಷ್ಟು ಎಂದು ತುಂಡು ತುಂಡಾಗಿ ಅಳೆಯುತ್ತಾ ಹೋಗಿ. ವೋಲ್ಟ್ ಎಲ್ಲಿ ಕಾಣಿಸಿಕೊಂಡಿತೋ ದೋಷ ಅಲ್ಲೇ ಇದೆ. ಊಹೆಗೆ ಜಾಗವೇ ಇಲ್ಲದ ಪರೀಕ್ಷೆ ಇದು.

ಇಷ್ಟು ಸಣ್ಣ ಅಂಕಿಗೆ ಯಾಕೆ ಇಷ್ಟು ಬೆಲೆ ಎಂದರೆ, ಡೀಸೆಲ್ ಇಂಜಿನ್ ತಿರುಗಿಸಲು 200 ಆಂಪಿಯರ್ ಹರಿಯುತ್ತದೆ ಅಂದುಕೊಳ್ಳಿ. ದಾರಿಯಲ್ಲಿ 0.005 ಓಮ್ ಅಡ್ಡಿಯಿದ್ದರೆ 1 ವೋಲ್ಟ್ ಅಲ್ಲೇ ಶಾಖವಾಗಿ ಹೋಯಿತು. 0.005 ಓಮ್ ಎಂದರೆ ಮೀಟರಿನ ಓಮ್ ರೇಂಜಿನಲ್ಲಿ ಕಾಣುವುದೇ ಇಲ್ಲ. ಅದಕ್ಕೇ ಬಹಳ ಜನ ಬಜರ್ ಸದ್ದು ಕೇಳಿ 'ವೈರ್ ಸರಿಯಿದೆ' ಎಂದು ಮೋಸಹೋಗುತ್ತಾರೆ.

ಅರ್ತ್ ಕೆಡುವುದಕ್ಕೆ ಕ್ಯಾಂಪರ್ ವ್ಯಾನಿನಲ್ಲಿ ಎರಡು ವಿಶೇಷ ಕಾರಣಗಳಿವೆ. ಒಳಗೆ ಮಂಚ, ಕಪಾಟು ಕೂರಿಸುವಾಗ ಬಾಡಿ ಕೆಲಸದವರು ಚಾಸಿಗೆ ತುಕ್ಕು ಹಿಡಿಯದಿರಲೆಂದು ಪೇಂಟ್ ಬಳಿದು, ಅದರ ಮೇಲೆಯೇ ಅರ್ತ್ ಬೋಲ್ಟ್ ಬಿಗಿದಿರುತ್ತಾರೆ. ಇನ್ನೊಂದು ಕರಾವಳಿ. ಮರವಂತೆ, ಮುರ್ಡೇಶ್ವರ, ಗೋಕರ್ಣದಲ್ಲಿ ನಾಲ್ಕು ರಾತ್ರಿ ಕಳೆದ ಗಾಡಿಯಲ್ಲಿ ಕೇಬಲ್ ತುದಿಯ ತಾಮ್ರದ ಲಗ್ಗುಗಳ ಮೇಲೆ ಉಪ್ಪುಗಾಳಿ ಹಸಿರು ಪುಡಿ ಹುಟ್ಟಿಸಿರುತ್ತದೆ. ವೈರನ್ನು ಒತ್ತಿ ಹಿಡಿದ ಕ್ರಿಂಪಿನ ಒಳಗಡೆ ನುಗ್ಗಿದ್ದರೆ ಹೊರಗಿನಿಂದ ಕಾಣುವುದೂ ಇಲ್ಲ. ಹೊಡೆದ ಮೇಲೆ ಲಗ್ ಮುಟ್ಟಿ ನೋಡಿ, ಬಿಸಿ ಇದ್ದರೆ ಒಳಗೆ ಕೊಳೆತಿದೆ.

ಇಂಜಿನ್ ರಬ್ಬರ್ ಮೌಂಟಿಂಗಿನ ಮೇಲೆ ಕೂತಿರುವುದರಿಂದ ಚಾಸಿಗೂ ಅದಕ್ಕೂ ನೇರ ಲೋಹದ ಸಂಪರ್ಕ ಇಲ್ಲ. ನಡುವೆ ಹೆಣೆದ ತಾಮ್ರದ ಪಟ್ಟಿಯೊಂದು ಮಾತ್ರ. ಅದು ಹರಿದರೆ ಕರೆಂಟ್ ಸಿಕ್ಕ ದಾರಿ ಹಿಡಿಯುತ್ತದೆ, ಆಕ್ಸಿಲರೇಟರ್ ಕೇಬಲ್ ಅಥವಾ ಗೇರಿನ ಕೇಬಲ್ ಮೂಲಕ. ಸೆಲ್ಫ್ ಹೊಡೆದಾಗ ಕೇಬಲ್ ಬಿಸಿಯಾಗುವುದು, ಹೊಗೆ ಬರುವುದು ಕಂಡರೆ ಇದೇ ಕಾರಣ, ಮತ್ತೆ ಹೊಡೆಯಬೇಡಿ. ಒಂದು ನಿಮಿಷದ ಪುರಾವೆ: ಜಂಪರ್ ಕೇಬಲ್ಲಿನ ಒಂದು ತುದಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ತುದಿ ನೇರ ಇಂಜಿನ್ ಬ್ಲಾಕಿಗೆ ಕಚ್ಚಿಸಿ ಕೀ ತಿರುಗಿಸಿ. ಚುರುಕಾಗಿ ಸ್ಟಾರ್ಟ್ ಆದರೆ ಬ್ಯಾಟರಿಯ ಮೇಲೆ ಹೊರಿಸಿದ ಆರೋಪ ಸುಳ್ಳು. ಹೊಸ ಅರ್ತ್ ಪಟ್ಟಿ ಜೆ.ಸಿ. ರಸ್ತೆಯಲ್ಲೂ ಕಲಾಸಿಪಾಳ್ಯದಲ್ಲೂ ಸಿಗುತ್ತದೆ. ಹಾಕುವ ಮುಂಚೆ ಎರಡೂ ಕಡೆ ಲೋಹ ಹೊಳೆಯುವ ತನಕ ಉಜ್ಜಿ, ಬಿಗಿದು, ಆಮೇಲೆ ವ್ಯಾಸಲಿನ್ ಸವರಿ. ಮೊದಲು ವ್ಯಾಸಲಿನ್, ಆಮೇಲೆ ಬಿಗಿಯುವುದು ತಪ್ಪು ಕ್ರಮ.

ಗೂಟದ ಮೇಲಿನ ಬಿಳಿ, ಹಸಿರು ಪುಡಿಗೆ ಅಡುಗೆ ಸಾಮಾನಿನಲ್ಲೇ ಮದ್ದಿದೆ. ಒಂದು ಲೋಟ ಬೆಚ್ಚನೆ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಬ್ರಷ್ಷಿನಿಂದ ಉಜ್ಜಿ. ಸೆಲ್ಲಿನ ಮುಚ್ಚಳ ಬಿಗಿಯಾಗಿರಲಿ, ಆ ನೀರು ಒಳಗೆ ಹೋದರೆ ಆಸಿಡ್ ಕೆಡುತ್ತದೆ. ಕ್ಲ್ಯಾಂಪ್ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

ನಿನ್ನೆ ಚಾರ್ಜ್ ಆಗಿತ್ತೇ?

ಇಂಜಿನ್ ಸ್ಟಾರ್ಟ್ ಆದ ಮೇಲೆ, ನಿಮಿಷಕ್ಕೆ ಸುಮಾರು 1500 ಸುತ್ತಿನಲ್ಲಿ ಆಕ್ಸಿಲರೇಟರ್ ಒಬ್ಬರು ಹಿಡಿಯಲಿ. ಇಂಜಿನ್ ಬ್ಯಾಟರಿಯ ಗೂಟಗಳ ನಡುವೆ 13.8ರಿಂದ 14.4 ಇರಬೇಕು. ಹೆಡ್‌ಲೈಟ್, ಬ್ಲೋವರ್ ಹಾಕಿದರೂ 13.5ರ ಕೆಳಗೆ ಇಳಿಯಬಾರದು. 14.8 ದಾಟಿದರೆ ಚಾರ್ಜಿಂಗ್ ವೋಲ್ಟನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟು ಬ್ಯಾಟರಿ ಬೇಯುತ್ತಿದೆ. ತಿಂಗಳಿಗೊಮ್ಮೆ ನೀರು ಹಾಕಬೇಕಾಗಿ ಬರುವುದು, ಮೊಟ್ಟೆ ಕೊಳೆತ ವಾಸನೆ ಬರುವುದು ಇದರ ಗುರುತು.

13ರ ಕೆಳಗಿದ್ದರೆ ಮೊದಲು ಬೆಲ್ಟ್. ಎರಡು ಪುಲ್ಲಿಗಳ ನಡುವಿನ ಅತಿ ಉದ್ದದ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 1 ಸೆಂಟಿಮೀಟರ್ ತಗ್ಗಬೇಕು. ಒಳಮೈ ಗಾಜಿನಂತೆ ಹೊಳೆಯುತ್ತಿದ್ದರೆ ಜಾರುತ್ತಿದೆ. ಆಮೇಲೆ ಡ್ಯಾಶಿನ ಕೆಂಪು ಬ್ಯಾಟರಿ ದೀಪ. ಹಳೇ ಆಲ್ಟರ್ನೇಟರುಗಳಲ್ಲಿ (ಬೆಲ್ಟಿನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಆ ಬಲ್ಬಿನ ಮೂಲಕವೇ ಮೊದಲ ಕರೆಂಟ್ ಹೋಗಿ ಚಾರ್ಜಿಂಗ್ ಎಚ್ಚರಗೊಳ್ಳುವುದು. ಬಲ್ಬು ಸುಟ್ಟಿದ್ದರೆ ಜೋರಾಗಿ ರೇಸ್ ಮಾಡುವ ತನಕ ಚಾರ್ಜ್ ಆಗದೆಯೂ ಇರಬಹುದು. ಕೀ ಹಾಕಿದಾಗ ಆ ದೀಪ ಹತ್ತಲೇಬೇಕು. ಹತ್ತದಿರುವುದು ಒಳ್ಳೆಯ ಲಕ್ಷಣ ಅಲ್ಲ.

ಆಲ್ಟರ್ನೇಟರಿನ ಎಸಿಯನ್ನು ಡಿಸಿ ಮಾಡುವ ಡಯೋಡುಗಳ ಪರೀಕ್ಷೆಗೆ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ. ಇಂಜಿನ್ ಆಫ್ ಇರುವಾಗ ಒಮ್ಮೆ ಅಳೆಯಿರಿ. ನಿಂತ ಬ್ಯಾಟರಿಗೇ 25, 30 ಎಂದು ತೋರಿಸಿದರೆ ನಿಮ್ಮ ಮೀಟರ್ ಈ ಪರೀಕ್ಷೆಗೆ ಆಗದು. ಸೊನ್ನೆ ತೋರಿಸಿದರೆ ಇಂಜಿನ್ ಓಡಿಸಿ ನೋಡಿ. 0.5 ವೋಲ್ಟ್ ಎಸಿಗಿಂತ ಹೆಚ್ಚಿದ್ದರೆ ಒಂದು ಡಯೋಡ್ ಹೋಗಿದೆ. ಅದು ಹಗಲು ಕಡಿಮೆ ಚಾರ್ಜ್ ಮಾಡುತ್ತದೆ, ರಾತ್ರಿ ಬ್ಯಾಟರಿಯನ್ನು ಹಿಂದಕ್ಕೆ ಸೋರಿಸಲೂ ಬಹುದು.

ದಾರಿಬದಿಯ ಕೆಲವು ಮೆಕ್ಯಾನಿಕ್‌ಗಳು ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಕ್ಲ್ಯಾಂಪ್ ಕಿತ್ತು 'ಡೈನಮೋ ಚೆಕ್' ಮಾಡುತ್ತಾರೆ. ಬಿಡಬೇಡಿ. ನಿಜವಾದ ಡೈನಮೋ ಇದ್ದ ಕಾಲದ ಅಭ್ಯಾಸ ಅದು. ಆಲ್ಟರ್ನೇಟರಿನಲ್ಲಿ ಹಾಗೆ ಮಾಡಿದರೆ ವೋಲ್ಟ್ ಒಮ್ಮೆಲೇ ಜಿಗಿದು ಡಯೋಡ್, ರೆಗ್ಯುಲೇಟರ್ ಎರಡೂ ಹೋಗಬಹುದು.

ಎಲ್ಲ ಅಳತೆ ಸರಿ ಇದ್ದೂ ಚಾರ್ಜ್ ಸಾಲದಿದ್ದರೆ ಊರಿನ ಟ್ರಾಫಿಕ್ ನೆನೆಸಿಕೊಳ್ಳಿ. ಐಡಲಿನಲ್ಲಿ ಆಲ್ಟರ್ನೇಟರ್ ತನ್ನ ಪೂರ್ತಿ ಆಂಪಿಯರ್ ಕೊಡುವುದಿಲ್ಲ. ಸಂಜೆ ಹೆಡ್‌ಲೈಟ್, ವೈಪರ್, ಬ್ಲೋವರ್ ಹಾಕಿಕೊಂಡು ತುಮಕೂರು ರಸ್ತೆಯಲ್ಲಿ ಎರಡು ಗಂಟೆ ತೆವಳಿದರೆ ಬ್ಯಾಟರಿಗೆ ಬರುವುದಕ್ಕಿಂತ ಹೋಗುವುದೇ ಹೆಚ್ಚಾಗಬಹುದು.

ಮನೆ ಬ್ಯಾಟರಿಯ ಲೆಕ್ಕ

ಬೆಳಗಿನ ಜಾವ ಫ್ಯಾನ್ ನಿಂತರೆ, ಫ್ರಿಜ್ ಕೀಚಲು ಸದ್ದು ಮಾಡಿ ಆರಿದರೆ ಮೊದಲು ಒಂದು ರಾತ್ರಿಯ ಖರ್ಚು ಬರೆಯಿರಿ. ಓಡುವಾಗ 4 ಆಂಪಿಯರ್ ಎಳೆಯುವ ಕಂಪ್ರೆಸರ್ ಫ್ರಿಜ್ ಹತ್ತು ಗಂಟೆಯಲ್ಲಿ ಮೂರನೇ ಒಂದು ಪಾಲು ಓಡಿದರೆ 13 ಆಂಪಿಯರ್ ಅವರ್ (ಆಂಪಿಯರನ್ನು ಗಂಟೆಯಿಂದ ಗುಣಿಸಿದ ಲೆಕ್ಕ). 2 ಆಂಪಿಯರಿನ ಫ್ಯಾನ್ ಎಂಟು ಗಂಟೆಗೆ 16. ದೀಪಗಳು 4, ಎರಡು ಫೋನ್ 3. ಏನೂ ಹಚ್ಚದೆ ಆನ್ ಬಿಟ್ಟ ಇನ್ವರ್ಟರ್ 0.8 ಆಂಪಿಯರಿನಂತೆ ಹತ್ತು ಗಂಟೆಗೆ 8. ಒಟ್ಟು 44. ಆಸಿಡ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ತೆಗೆಯಬಾರದು, ಅಂದರೆ ಹೊಸ 100 ಆಂಪಿಯರ್ ಅವರ್ ಬ್ಯಾಟರಿಗೂ 50 ಗಡಿ. ನಾಲ್ಕು ವರ್ಷ ಹಳೆಯದಾದರೆ ಗಡಿ ದಾಟಿಯಾಯಿತು. ಇನ್ವರ್ಟರ್ ಒಂದನ್ನು ಮಲಗುವಾಗ ಆರಿಸಿದರೆ ಖರ್ಚು 36ಕ್ಕೆ ಇಳಿಯುತ್ತದೆ.

ಫ್ರಿಜ್ ಮಾತ್ರ ನಿಂತು, ಅದೇ ಹೊತ್ತಿಗೆ ಬ್ಯಾಟರಿ 12.3 ತೋರಿಸಿದರೆ ತಪ್ಪು ವೈರಿನದು. 1.5 ಚದರ ಮಿಲಿಮೀಟರ್ ವೈರ್ 6 ಮೀಟರ್ ದೂರ ಎಳೆದಿದ್ದರೆ ಹೋಗಿ ಬರುವ ದಾರಿ 12 ಮೀಟರ್, ಅಡ್ಡಿ 0.14 ಓಮ್. ಕಂಪ್ರೆಸರ್ ಎದ್ದೇಳುವಾಗ 10 ಆಂಪಿಯರ್ ಎಳೆದರೆ 1.4 ವೋಲ್ಟ್ ದಾರಿಯಲ್ಲೇ ಖರ್ಚು, ಫ್ರಿಜ್ಜಿಗೆ ತಲುಪುವುದು 10.9. ಒಳಗಿನ ಕಟಾಫ್ ಬೀಳದೆ ಇನ್ನೇನು? 6 ಚದರ ಮಿಲಿಮೀಟರ್ ವೈರ್ ಹಾಕಿದರೆ ಅದೇ ನಷ್ಟ 0.35ಕ್ಕೆ ಬರುತ್ತದೆ.

ದಿನವಿಡೀ ಓಡಿಯೂ ಮನೆ ಬ್ಯಾಟರಿ ತುಂಬದಿರುವುದಕ್ಕೂ ಇದೇ ಗಣಿತ. ಇಂಜಿನ್ ಓಡುತ್ತಿರುವಾಗ ಎರಡೂ ಬ್ಯಾಟರಿಗಳ ವೋಲ್ಟ್ ಒಟ್ಟಿಗೆ ನೋಡಿ. ಮುಂದೆ 14.2, ಮಂಚದ ಕೆಳಗೆ 13.3 ಎಂದರೆ 0.9 ವೋಲ್ಟ್ ನಡುವೆ ಸತ್ತಿದೆ. 6 ಚದರ ಮಿಲಿಮೀಟರಿನ ಕೇಬಲ್ಲು, ಹೋಗಿ ಬರುವ 10 ಮೀಟರ್, 30 ಆಂಪಿಯರ್: ನಷ್ಟ ಸರಿಯಾಗಿ ಅಷ್ಟೇ. 13.3ರಲ್ಲಿ ಆಸಿಡ್ ಬ್ಯಾಟರಿ ಸಕಲೇಶಪುರ ತಲುಪುವಷ್ಟರಲ್ಲಿ ತುಂಬುವುದಿಲ್ಲ. 25 ಚದರ ಮಿಲಿಮೀಟರ್ ಕೇಬಲ್ ಎಳೆದರೆ ನಷ್ಟ 0.2. ಮೈನಸ್ಸಿಗೆ ಚಾಸಿಯನ್ನು ನಂಬದೆ ಅದಕ್ಕೂ ಕೇಬಲ್ ಎಳೆಯಿರಿ. ಪ್ಲಸ್ ಕೇಬಲ್ಲಿನ ಎರಡೂ ತುದಿಯಲ್ಲಿ, ಆಯಾ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಬೇಕು. ಎರಡೂ ಕಡೆ ಬ್ಯಾಟರಿ ಇರುವುದರಿಂದ ಒಂದೇ ಫ್ಯೂಸ್ ಸಾಲದು. ಕೇಬಲ್ ಎಲ್ಲಿ ಉಜ್ಜಿ ಶಾರ್ಟ್ ಆದರೂ ಫ್ಯೂಸ್ ಇಲ್ಲದ ಕಡೆಯಿಂದ ಬೆಂಕಿ ಬರುತ್ತದೆ, ಅದೂ ನೀವು ಮಲಗುವ ಮಂಚದ ಕೆಳಗೆ.

ಇಂಜಿನ್ ಓಡುವಾಗ ಎರಡೂ ಬ್ಯಾಟರಿಗಳನ್ನು ಸೇರಿಸಿ, ನಿಂತ ಮೇಲೆ ಬಿಡಿಸುವ ನಡುವಿನ ರಿಲೇ ಅಂಟಿಕೊಂಡಿದ್ದರೆ ಕಥೆ ತಿರುಗುಮುರುಗು. ಮನೆ ಬ್ಯಾಟರಿಯ ಜೊತೆ ಇಂಜಿನ್ ಬ್ಯಾಟರಿಯೂ ರಾತ್ರಿಯಿಡೀ ಫ್ರಿಜ್ ಓಡಿಸಿರುತ್ತದೆ. ಸಾಮಾನ್ಯ ವೋಲ್ಟೇಜ್ ರಿಲೇ 13.3ರ ಸುಮಾರಿಗೆ ಸೇರಿಸಿ, 12.8ರ ಸುಮಾರಿಗೆ ಬಿಡಿಸುತ್ತದೆ. ಇಂಜಿನ್ ಆರಿಸಿ ಅರ್ಧ ಗಂಟೆಯಾದ ಮೇಲೆ ಫ್ರಿಜ್ ಓಡುತ್ತಿರುವಾಗ ಎರಡನ್ನೂ ಅಳೆಯಿರಿ. ಎರಡೂ ಒಂದೇ ಅಂಕಿ ತೋರಿಸಿ ಒಟ್ಟಿಗೇ ಇಳಿಯುತ್ತಿದ್ದರೆ ರಿಲೇ ಬಿಡುತ್ತಿಲ್ಲ. ಆ ರಾತ್ರಿಗೆ ಎರಡೂ ಬ್ಯಾಟರಿ ಜೋಡಿಸುವ ಕೇಬಲ್ಲಿನ ಫ್ಯೂಸ್ (ಲಿಂಕ್ ಫ್ಯೂಸ್) ಕಿತ್ತಿಟ್ಟು ಮಲಗಿ. ಚಾವಣಿಯಲ್ಲಿ ಸೋಲಾರ್ ಪ್ಯಾನೆಲ್ ಇದ್ದರೆ ಮಾತ್ರ ಎಚ್ಚರ: ಹಗಲು ಅದು ಮನೆ ಬ್ಯಾಟರಿಯನ್ನು 13.3ರ ಮೇಲೆ ಎತ್ತಿದಾಗ ಎರಡೂ ಕಡೆ ನೋಡುವ ರಿಲೇ ಇಂಜಿನ್ ನಿಂತಿದ್ದರೂ ಸೇರಿಸಿಯೇ ಇರುತ್ತದೆ. ಅದು ದೋಷವಲ್ಲ.

ಮನೆ ಬ್ಯಾಟರಿಯನ್ನು ಲಿಥಿಯಂ ಐರನ್ ಫಾಸ್ಫೇಟಿಗೆ ಬದಲಿಸಿದವರು ಸಾದಾ ರಿಲೇ ಉಳಿಸಿಕೊಳ್ಳಬಾರದು. ಲಿಥಿಯಂ ಕೊಟ್ಟಷ್ಟೂ ಕರೆಂಟ್ ಕುಡಿಯುತ್ತದೆ. ಹಳೇ ಆಲ್ಟರ್ನೇಟರ್ ಗಂಟೆಗಟ್ಟಲೆ ಪೂರ್ತಿ ಹೊರೆ ಹೊತ್ತು, ಅದೂ ಶಿರಾಡಿ ಏರುವ ನಿಧಾನದಲ್ಲಿ, ಸುಟ್ಟುಹೋಗುತ್ತದೆ. ನಡುವೆ 20 ಅಥವಾ 30 ಆಂಪಿಯರಿನ ಡಿಸಿಯಿಂದ ಡಿಸಿ ಚಾರ್ಜರ್ ಕಡ್ಡಾಯ.

ಸೋರಿಕೆ

ಕೀ ತೆಗೆದು, ಎಲ್ಲ ಆರಿಸಿ, ಬಾಗಿಲು ಹಾಕಿ. ತೆರೆದೇ ಇರಬೇಕಾದ ಬಾಗಿಲಿನ ಸ್ವಿಚ್ಚನ್ನು ಟೇಪಿನಿಂದ ಒತ್ತಿಡಿ. ಇಂಜಿನ್ ಬ್ಯಾಟರಿಯ ಮೈನಸ್ ಕ್ಲ್ಯಾಂಪ್ ಬಿಚ್ಚಿ, ಗೂಟ ಮತ್ತು ಕ್ಲ್ಯಾಂಪ್ ನಡುವೆ ಮೊದಲು ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಪ್ರಕಾಶಮಾನವಾಗಿ ಉರಿದರೆ ಒಂದು ಆಂಪಿಯರಿಗಿಂತ ಹೆಚ್ಚು ಸೋರುತ್ತಿದೆ. ಉರಿಯದಿದ್ದರೆ ಮೀಟರನ್ನು 10 ಆಂಪಿಯರ್ ತೂತಿಗೆ ಬದಲಿಸಿ ಅದೇ ಜಾಗದಲ್ಲಿ ಸೇರಿಸಿ. ಈ ಹೊತ್ತಿನಲ್ಲಿ ಕೀ ತಿರುಗಿಸಿದರೆ ಮೀಟರಿನ ಫ್ಯೂಸ್ ಹೋಗುತ್ತದೆ, ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳಿ.

0.03ರಿಂದ 0.05 ಆಂಪಿಯರ್ ತನಕ ಸಹಜ. ಹೆಚ್ಚಿದ್ದರೆ ಒಬ್ಬರು ಒಂದೊಂದೇ ಫ್ಯೂಸ್ ಕೀಳಲಿ, ಇನ್ನೊಬ್ಬರು ಅಂಕಿ ಓದಲಿ. ಯಾವ ಫ್ಯೂಸ್ ಕಿತ್ತಾಗ ಅಂಕಿ ಬಿತ್ತೋ ಆ ಸಾಲಿನಲ್ಲಿ ಸೋರಿಕೆ. ಸ್ಟೀರಿಯೋ, ಜಿಪಿಎಸ್ ಟ್ರ್ಯಾಕರ್, ಅಂಕಿ ಬೆಳಗುವ ಯುಎಸ್‌ಬಿ ಸಾಕೆಟ್ ಮಾಮೂಲಿ ತಪ್ಪಿತಸ್ಥರು. ಎಲ್ಲ ಕಿತ್ತರೂ ಇಳಿಯದಿದ್ದರೆ ಆಲ್ಟರ್ನೇಟರಿನ ದಪ್ಪ ವೈರನ್ನು ಬಿಚ್ಚಿ ನೋಡಿ. ಅದಕ್ಕೆ ಮೊದಲು ಬ್ಯಾಟರಿ ಮೈನಸ್ ಪೂರ್ತಿ ಬಿಡಿಸಿ. ಗ್ಯಾಸ್ ಸೋರಿಕೆಯ ಅಲಾರಂ ಎಳೆಯುತ್ತಿದೆ ಎಂದು ಗೊತ್ತಾದರೆ ಅದನ್ನು ಕಿತ್ತುಹಾಕಬೇಡಿ, ಮನೆ ಬ್ಯಾಟರಿಗೆ ವರ್ಗಾಯಿಸಿ. ಸಿಲಿಂಡರ್ ಇಟ್ಟುಕೊಂಡು ಒಳಗೇ ಮಲಗುವವರಿಗೆ ಅದು ಬೇಕೇ ಬೇಕು.

ಸಹಜ ಸೋರಿಕೆಯೂ ಪ್ರವಾಸಗಳ ನಡುವೆ ಕೊಲ್ಲುತ್ತದೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಮೂರು ವಾರ ನಿಂತ ವ್ಯಾನಿನಲ್ಲಿ 0.05 ಆಂಪಿಯರ್ ಎಂದರೆ 25 ಆಂಪಿಯರ್ ಅವರ್. ಓಮ್ನಿಯ 35ರ ಬ್ಯಾಟರಿಗೆ ಅದು ಮುಕ್ಕಾಲು ಪಾಲು. ಮೈನಸ್ಸಿಗೆ ಒಂದು ಕಟಾಫ್ ಸ್ವಿಚ್ ಹಾಕಿಸಿ, ನಿಲ್ಲಿಸಿದಾಗಲೆಲ್ಲ ತಿರುಗಿಸಿಡಿ.

ದಾರಿಯಲ್ಲಿ ಸದ್ಯಕ್ಕೆ ಹೊರಡಬೇಕಾದರೆ

ಕ್ಯಾಂಪರ್ ಇರುವವರು ಬೇರೆಯವರ ಗಾಡಿ ಹುಡುಕಬೇಕಿಲ್ಲ, ಜಂಪ್ ಕೊಡುವ ಬ್ಯಾಟರಿ ಒಳಗೇ ಇದೆ. ಅದು ಆಸಿಡ್ ಬ್ಯಾಟರಿಯಾಗಿ, 12.3ರ ಮೇಲಿದ್ದರೆ ಕೆಂಪು ಕೇಬಲ್ ಪ್ಲಸ್ಸಿನಿಂದ ಪ್ಲಸ್ಸಿಗೆ, ಕಪ್ಪು ಕೇಬಲ್ ಮನೆ ಬ್ಯಾಟರಿಯ ಮೈನಸ್ಸಿನಿಂದ ಇಂಜಿನ್ ಬ್ಲಾಕಿಗೆ. ಕೊನೆಯ ಕಿಡಿ ಬ್ಯಾಟರಿಯ ಹತ್ತಿರ ಹಾರಬಾರದು. ಹತ್ತು ನಿಮಿಷ ಹಾಗೇ ಬಿಟ್ಟು ಆಮೇಲೆ ಹೊಡೆಯಿರಿ. ನಡುವಿನ ರಿಲೇ ಮೂಲಕ ಸೆಲ್ಫ್ ಹೊಡೆಯಲು ಹೋಗಬೇಡಿ, ಲಿಂಕ್ ಫ್ಯೂಸ್ ಕಿತ್ತಿಟ್ಟುಕೊಳ್ಳಿ. ಲಿಥಿಯಂ ಬ್ಯಾಟರಿಯಾದರೆ ಅದರ ರಕ್ಷಣಾ ಸರ್ಕಿಟ್ ಅಷ್ಟು ಕರೆಂಟಿಗೆ ತಾನೇ ಆಫ್ ಆಗುತ್ತದೆ, ಅದನ್ನು ಜಂಪಿಗೆ ಬಳಸದಿರುವುದೇ ಸರಿ.

ಇಬ್ಬರೇ ಸೇರಿ ಟ್ರಾವೆಲರ್ ತಳ್ಳಲಾಗದು. ಅನುಮಾನ ಇರುವ ದಿನ ಮುಂದೆ ಖಾಲಿ ಇಳಿಜಾರು ಇರುವ ಕಡೆ ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಬೆಳಿಗ್ಗೆ ಕೀ ಆನ್, ಎರಡನೇ ಗೇರ್, ಕ್ಲಚ್ ಒತ್ತಿ, ವೇಗ ಸಿಕ್ಕ ಮೇಲೆ ಬಿಡಿ. ಇಂಜಿನ್ ಓಡದೆ ಬ್ರೇಕ್ ಬೂಸ್ಟರ್ ಕೆಲಸ ಮಾಡುವುದಿಲ್ಲ, ಪೆಡಲ್ ಕಲ್ಲಿನಂತಿರುತ್ತದೆ. ಆದ್ದರಿಂದ ಘಟ್ಟದ ತಿರುವಿನಲ್ಲಿ ಈ ಪ್ರಯೋಗ ಬೇಡವೇ ಬೇಡ. ಸ್ಟಾರ್ಟ್ ಆದ ಮೇಲೆ ತಿಂಡಿಗೆಂದು ಆರಿಸಬೇಡಿ, ಎರಡು ಗಂಟೆ ಓಡಲಿ.

ಬ್ಯಾಟರಿಯೇ ಹೋಗಿದೆ ಎಂದು ಯಾವಾಗ ಹೇಳಬಹುದು

ಪೂರ್ತಿ ಚಾರ್ಜ್ ಮಾಡಿ, ರಾತ್ರಿ ಎಲ್ಲ ಬಿಡಿಸಿಟ್ಟರೂ ಬೆಳಿಗ್ಗೆ 12.4ರ ಕೆಳಗೆ ಬಂದಿದ್ದರೆ. ಅಥವಾ 12.6 ಇದ್ದೂ ಸೆಲ್ಫ್ ಹೊಡೆದಾಗ ಗೂಟದ ಮೇಲೆಯೇ 9ರ ಕೆಳಗೆ ಕುಸಿದು, ಕೇಬಲ್‌ಗಳ ನಷ್ಟ ಮಿತಿಯೊಳಗೇ ಇದ್ದರೆ. ಇಂಜಿನ್ ಜಾಮ್ ಆಗಿಲ್ಲ ಎಂದು ಕೈಯಿಂದ ತಿರುಗಿಸಿ ಖಚಿತಮಾಡಿಕೊಳ್ಳಿ. ನೀರು ಹಾಕುವ ಬ್ಯಾಟರಿಯಲ್ಲಿ ಹೈಡ್ರೋಮೀಟರ್ ಇನ್ನೂ ಸ್ಪಷ್ಟ: ಐದು ಸೆಲ್ 1.240ರಲ್ಲಿದ್ದು ಒಂದು 1.180ರಲ್ಲಿದ್ದರೆ ಆ ಒಂದು ಸೆಲ್ ಸತ್ತಿದೆ. ಎಲ್ಲವೂ ಒಟ್ಟಿಗೆ 1.180 ಇದ್ದರೆ ಬ್ಯಾಟರಿ ಕೆಟ್ಟಿಲ್ಲ, ಹಸಿದಿದೆ. ಹೊರಗಿನ ಚಾರ್ಜರಿಗೆ ಹಾಕಿ ನಿಧಾನವಾಗಿ, ಆಂಪಿಯರ್ ಅವರ್‌ನ ಹತ್ತನೇ ಒಂದು ಭಾಗದ ಕರೆಂಟಿನಲ್ಲಿ, ಹನ್ನೆರಡು ಗಂಟೆ ಉಣಿಸಿ ಮತ್ತೆ ಅಳೆಯಿರಿ.

ಮನೆ ಬ್ಯಾಟರಿಗೆ ಬದಲಿ ತರುವಾಗ ಇನ್ವರ್ಟರ್ ಅಂಗಡಿಯ ಎತ್ತರದ ಟ್ಯೂಬ್ಯುಲರ್ ಬ್ಯಾಟರಿಯನ್ನು ಅಗ್ಗ ಎಂದು ಮಂಚದ ಕೆಳಗೆ ಇಡಬೇಡಿ. ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತದೆ, ತಿರುವಿನಲ್ಲಿ ಆಸಿಡ್ ತುಳುಕಿಸುತ್ತದೆ. ಇಡಲೇಬೇಕಾದರೆ ಮುಚ್ಚಿದ ಪೆಟ್ಟಿಗೆ ಮಾಡಿಸಿ, ಮೇಲ್ಭಾಗದಿಂದ ಒಂದು ಕೊಳವೆ ವ್ಯಾನಿನ ಹೊರಗೆ ಹೋಗುವಂತೆ ಮಾಡಿ. ಹೊಸದನ್ನು ಕೂರಿಸಿದ ದಿನವೇ ನಿಂತ ವೋಲ್ಟ್, ಹೊಡೆಯುವ ವೋಲ್ಟ್, ಚಾರ್ಜಿಂಗ್ ವೋಲ್ಟ್ ಮೂರನ್ನೂ ಅಳೆದು, ತಾರೀಖಿನ ಸಮೇತ ಮಾರ್ಕರ್ ಪೆನ್ನಿನಿಂದ ಪೆಟ್ಟಿಗೆಯ ಮೇಲೆ ಬರೆಯಿರಿ.